ಮೆಡಿಕೇರ್ ಇದ್ದೂ ಅಮೆರಿಕದ ಹಿರಿಯರಿಗೆ ಔಷಧಿ ಯಾಕಿಷ್ಟು ದುಬಾರಿ?

"ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆಯಂತೆ. ಹಾಗಿದ್ದೂ ಅಲ್ಲಿನ ವಯಸ್ಸಾದವರು ಔಷಧಿ ಕೊಳ್ಳಲಾಗದೆ ಮಾತ್ರೆ ಮುರಿದು ಅರ್ಧರ್ಧ ನುಂಗುತ್ತಾರೆ ಅಂತ ಓದಿದೆ. ಇದು ಹೇಗೆ? ಅಪ್ಪ ಅಮ್ಮನನ್ನು ಗ್ರೀನ್ ಕಾರ್ಡಿನ ಮೇಲೆ ಕರೆಸಿಕೊಳ್ಳುವ ಯೋಚನೆ ನಮ್ಮದು" ಎಂದು ಕೇಳಿದ್ದೀರಿ.

ನೀವು ಓದಿದ್ದು ಸುಳ್ಳಲ್ಲ. ನಾನು ಇಲ್ಲಿ ಫಾರ್ಮಸಿಸ್ಟ್. ನಾಲ್ಕು ಔಷಧಿಯ ಬೆಲೆ ಕೇಳಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೊಂದು ಬೇಡ, ಮಿಕ್ಕ ಮೂರು ಕೊಡಿ" ಅನ್ನುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಅವರು ಬೇಡ ಅನ್ನುವುದು ಬಹುಮಟ್ಟಿಗೆ ಅವರಿಗೆ ತೀರಾ ಬೇಕಾದದ್ದನ್ನೇ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಹೃದಯ ಸೋತವರ ಮಾತ್ರೆ, ಉಸಿರಾಟದ ಇನ್ಹೇಲರ್. ಬಿ.ಪಿ., ಕೊಲೆಸ್ಟರಾಲ್ ಮಾತ್ರೆಗಳಿಗೆ ಜೆನೆರಿಕ್ ಇರುವುದರಿಂದ ಅವುಗಳ ಗೊಡವೆ ಅಷ್ಟಿಲ್ಲ.

ಇದಕ್ಕೆ ಕಾರಣ ವಿಮೆ ಇಲ್ಲದಿರುವುದಲ್ಲ. ದುಡ್ಡು ಕೊಡುವ ಸರ್ಕಾರಕ್ಕೆ ಬಹಳ ಕಾಲ ಬೆಲೆಯ ಬಗ್ಗೆ ಬಾಯಿ ತೆರೆಯುವ ಹಕ್ಕೇ ಇರಲಿಲ್ಲ. ಆ ಹಕ್ಕು ಇರಕೂಡದೆಂದು ಕಾನೂನಿನಲ್ಲೇ ಬರೆದಿಟ್ಟಿದ್ದರು.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿ ತಂದ ಮೆಡಿಕೇರ್ ಆಸ್ಪತ್ರೆಯ ಖರ್ಚನ್ನೂ ವೈದ್ಯರ ಶುಲ್ಕವನ್ನೂ ನೋಡಿಕೊಳ್ಳುತ್ತಿತ್ತು. ಮನೆಯಲ್ಲಿ ನುಂಗುವ ಮಾತ್ರೆ ಅದರಲ್ಲಿ ಸೇರಿರಲಿಲ್ಲ. ಆಗ ಯಾರಿಗೂ ಅದು ದೊಡ್ಡ ಕೊರತೆ ಅನ್ನಿಸಲಿಲ್ಲ. ಇವತ್ತು ನಾವು ಜೀವನಪೂರ್ತಿ ನುಂಗುವ ಔಷಧಿಗಳಲ್ಲಿ ಬಹುಪಾಲು ಆಗ ಹುಟ್ಟಿಯೇ ಇರಲಿಲ್ಲ. 1988ರಲ್ಲಿ ಔಷಧಿಯನ್ನೂ ಸೇರಿಸುವ ಕಾನೂನು ಬಂತು. ಅದರ ಖರ್ಚನ್ನು ಅನುಕೂಲವಂತ ಹಿರಿಯರ ಮೇಲೆಯೇ ಹೆಚ್ಚುವರಿ ತೆರಿಗೆಯಾಗಿ ಹಾಕಿದ್ದರಿಂದ ಗಲಾಟೆ ಎದ್ದಿತು. 1989ರ ಆಗಸ್ಟಿನಲ್ಲಿ ಷಿಕಾಗೋದಲ್ಲಿ ಅಜ್ಜ ಅಜ್ಜಿಯರ ಗುಂಪು ಡ್ಯಾನ್ ರೋಸ್ಟೆನ್‌ಕೌಸ್ಕಿ ಎಂಬ ಘಟಾನುಘಟಿ ಸಂಸದನ ಕಾರನ್ನೇ ಅಡ್ಡಗಟ್ಟಿತು. ಅದೇ ವರ್ಷ ಆ ಕಾನೂನು ರದ್ದಾಯಿತು. ಆಮೇಲೆ ಹಲವು ವರ್ಷ ಈ ವಿಷಯಕ್ಕೆ ಕೈ ಹಾಕಲು ರಾಜಕಾರಣಿಗಳು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊನೆಗೆ 2003ರಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಕಾಲದಲ್ಲಿ ಮೆಡಿಕೇರಿನ ಔಷಧಿ ಭಾಗವಾದ 'ಪಾರ್ಟ್ ಡಿ' ಬಂತು, 2006ರ ಜನವರಿ 1ರಿಂದ ಜಾರಿಯಾಯಿತು. ಸಾಮಾನ್ಯವಾಗಿ ಹದಿನೈದು ನಿಮಿಷದಲ್ಲಿ ಮುಗಿಯಬೇಕಾದ ಮತದಾನವನ್ನು ಕೆಳಮನೆಯಲ್ಲಿ ನಡುರಾತ್ರಿ ಕಳೆದ ಮೇಲೆ ಸುಮಾರು ಮೂರು ಗಂಟೆ ಎಳೆದು, 220-215ರಲ್ಲಿ ಗೆಲ್ಲಿಸಿಕೊಂಡರು. ಔಷಧಿಯ ಬೆಲೆಯ ಬಗ್ಗೆ ಕಂಪನಿಗಳಿಗೂ ಪಾರ್ಟ್ ಡಿ ವಿಮಾ ಪ್ಲಾನುಗಳಿಗೂ ನಡೆಯುವ ಮಾತುಕತೆಯಲ್ಲಿ ಸರ್ಕಾರ ತಲೆಹಾಕಕೂಡದು ಎಂಬ ಷರತ್ತು ಅದರೊಳಗಿತ್ತು. ಇದೇ ಸರ್ಕಾರದ ಮಾಜಿ ಸೈನಿಕರ ಇಲಾಖೆ ಮಾತ್ರ ಕಂಪನಿಗಳೊಡನೆ ಚೌಕಾಸಿ ಮಾಡಿಯೇ ಔಷಧಿ ಕೊಳ್ಳುತ್ತಿತ್ತು, ಈಗಲೂ ಕೊಳ್ಳುತ್ತದೆ. ಮಸೂದೆಯನ್ನು ಮುನ್ನಡೆಸಿದವರಲ್ಲಿ ಒಬ್ಬರಾದ ಬಿಲ್ಲಿ ಟೌಜಿನ್ 2005ರಲ್ಲಿ ಔಷಧಿ ಕಂಪನಿಗಳ ಒಕ್ಕೂಟದ ಮುಖ್ಯಸ್ಥರಾದರು. ಇದರ ಮೇಲೆ ನಾನು ಟೀಕೆ ಬರೆಯಬೇಕಾಗಿಲ್ಲ.

ಪಾರ್ಟ್ ಡಿಯನ್ನು ನಡೆಸುವುದು ಖಾಸಗಿ ವಿಮಾ ಕಂಪನಿಗಳು. ಸರ್ಕಾರ ಹಣ ಹಾಕುತ್ತದೆ, ನಿಯಮ ಮಾಡುತ್ತದೆ. ಯಾವ ಔಷಧಿ ಪಟ್ಟಿಯಲ್ಲಿರಬೇಕು, ಯಾವುದಕ್ಕೆ ಮೊದಲೇ ಅನುಮತಿ ಬೇಕು, ಯಾವುದನ್ನು ಕೊಡುವ ಮುಂಚೆ ಅಗ್ಗದ ಇನ್ನೊಂದನ್ನು ನುಂಗಿ ನೋಡಿರಬೇಕು, ಇದನ್ನೆಲ್ಲ ಆ ನಿಯಮಗಳೊಳಗೆ ತೀರ್ಮಾನಿಸುವುದು ಪ್ಲಾನು, ಮತ್ತು ಅದರ ಪರವಾಗಿ ಕೆಲಸ ಮಾಡುವ ಪಿಬಿಎಂ ಎಂಬ ಮಧ್ಯವರ್ತಿ ಕಂಪನಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದನ್ನು ನಾನು ಕಂಪ್ಯೂಟರ್ ಪರದೆಯ ಮೇಲೆ ಕೆಂಪಕ್ಷರದಲ್ಲಿ ದಿನಾ ಓದುತ್ತೇನೆ. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಎಂಬ ಮೂರೇ ಪಿಬಿಎಂಗಳ ಕೈಯಲ್ಲಿ ದೇಶದ ಸುಮಾರು ಶೇ. 80ರಷ್ಟು ಪ್ರಿಸ್ಕ್ರಿಪ್ಷನ್‌ಗಳು ಹಾದುಹೋಗುತ್ತವೆ.

ಇನ್ನು ರೋಗಿಯ ಪಾಲಿಗೆ ಬರೋಣ. ನನಗೆ ಅತ್ಯಂತ ಅನ್ಯಾಯ ಅನ್ನಿಸುವುದು ಇಲ್ಲೇ. ಕಂಪನಿ ಒಂದು ಮಾತ್ರೆಗೆ ತಿಂಗಳಿಗೆ 500 ಡಾಲರ್ ಎಂದು ಬೆಲೆ ಇಟ್ಟಿದೆ ಎಂದುಕೊಳ್ಳಿ. ಪಟ್ಟಿಯಲ್ಲಿ ಒಳ್ಳೆಯ ಜಾಗ ಸಿಗಲೆಂದು ಅದರಲ್ಲಿ 200 ಡಾಲರನ್ನು ರಿಬೇಟ್ ಹೆಸರಿನಲ್ಲಿ ಹಿಂಬಾಗಿಲಿನಿಂದ ಪಿಬಿಎಂ ಮೂಲಕ ಪ್ಲಾನಿಗೆ ವಾಪಸು ಕೊಡುತ್ತದೆ. ಅಲ್ಲಿಗೆ ಔಷಧಿಯ ನಿಜವಾದ ಬೆಲೆ 300. ಆದರೆ ರೋಗಿ ಕಾಲು ಭಾಗ ಕೊಡಬೇಕೆಂದಿದ್ದರೆ ಆ ಕಾಲು ಭಾಗದ ಲೆಕ್ಕ 500ರ ಮೇಲೆ ನಡೆಯುತ್ತದೆ. 75 ಕೊಡಬೇಕಾದವರು 125 ಕೊಡುತ್ತಾರೆ. ರಿಬೇಟಿನಿಂದ ಎಲ್ಲರ ಪ್ರೀಮಿಯಂ ಒಂದಿಷ್ಟು ಇಳಿಯುತ್ತದೆ ಎಂಬುದು ಪ್ಲಾನುಗಳ ಸಮರ್ಥನೆ. ಇಳಿಯುತ್ತದೆ, ನಿಜ. ಅಂದರೆ ಕಾಯಿಲೆ ಹೆಚ್ಚಿರುವವರ ಜೇಬಿನಿಂದ ತೆಗೆದು ಗಟ್ಟಿಮುಟ್ಟಾಗಿರುವವರ ಪ್ರೀಮಿಯಂ ಇಳಿಸಿದಂತಾಯಿತು. ವಿಮೆ ಮಾಡಬೇಕಾದ ಕೆಲಸ ಇದರ ತದ್ವಿರುದ್ಧ.

ಟಿ.ವಿ. ಜಾಹೀರಾತು ನೋಡಿಕೊಂಡು ಬಂದು ಕೂಪನ್ ತೋರಿಸುವವರೂ ಇದ್ದಾರೆ. ತಿಂಗಳಿಗೆ ಹತ್ತೋ ಇಪ್ಪತ್ತೋ ಡಾಲರಿಗೆ ಸಿಗುತ್ತದೆ ಎಂದು ದೊಡ್ಡಕ್ಷರದಲ್ಲಿರುತ್ತದೆ. ಸರ್ಕಾರಿ ವಿಮೆ ಇರುವವರಿಗೆ ಅನ್ವಯಿಸದು ಎಂಬುದು ಇರುವೆಯಂಥ ಅಕ್ಷರದಲ್ಲಿ. ಮೆಡಿಕೇರ್ ಹಣ ಕೊಡುವ ಔಷಧಿಗೆ ಕಂಪನಿಯ ಕೂಪನ್ ಬಳಸಿದರೆ ಅದು ಲಂಚ ತಡೆಯ ಕೇಂದ್ರ ಕಾನೂನಿನಡಿ ಅಪರಾಧ. ರೋಗಿಗೆ ಬೆಲೆಯ ಬಿಸಿ ತಟ್ಟದಂತೆ ಮಾಡಿ ಖಜಾನೆಯಿಂದ ಕಂಪನಿ ಎಷ್ಟು ಬೇಕಾದರೂ ಬಾಚಿಕೊಳ್ಳಬಾರದು ಎಂಬುದು ಅದರ ತರ್ಕ. ತರ್ಕ ಸರಿಯೇ. ಆದರೆ ನೌಕರಿಯಲ್ಲಿರುವ ನಲವತ್ತರ ಮಗ ಕೂಪನ್ನಿನಲ್ಲಿ ಅಗ್ಗಕ್ಕೆ ಒಯ್ಯುವ ಅದೇ ಇಂಜೆಕ್ಷನ್ನಿಗೆ ನಿವೃತ್ತ ತಾಯಿ ನೂರಾರು ಡಾಲರ್ ಕೊಡುವುದನ್ನು ಕಣ್ಣೆದುರೇ ನೋಡುವಾಗ ತರ್ಕ ಹೇಳಲು ಬಾಯಿ ಬರುವುದಿಲ್ಲ.

ಆರಂಭದ ವರ್ಷಗಳು ಇನ್ನೂ ಕೆಟ್ಟದಾಗಿದ್ದವು. 2006ರಲ್ಲಿ ಔಷಧಿಯ ಒಟ್ಟು ಖರ್ಚು 2,250 ಡಾಲರ್ ಮುಟ್ಟಿದ ಕೂಡಲೇ ವಿಮೆ ನಿಂತುಹೋಗುತ್ತಿತ್ತು, 5,100 ಆಗುವವರೆಗೆ ಪೂರ್ತಿ ನಿಮ್ಮದೇ. ಪ್ರೀಮಿಯಂ ಮಾತ್ರ ತಿಂಗಳು ತಿಂಗಳೂ ಕಟ್ಟುತ್ತಲೇ ಇರಬೇಕು. ಇದಕ್ಕೆ ಡೋನಟ್ ಹೋಲ್ ಎಂದು ಹೆಸರು. ಒಬಾಮಾ ಕಾಲದ 2010ರ ಕಾನೂನು ಅದನ್ನು ಮೆಲ್ಲಮೆಲ್ಲಗೆ ಮುಚ್ಚಿತು, ಪೂರ್ತಿ ಮುಚ್ಚುವಷ್ಟರಲ್ಲಿ 2020 ಬಂತು. ಆದರೂ ಅದರಾಚೆಗೆ ಶೇ. 5ರ ಪಾಲು ಉಳಿದೇ ಇತ್ತು, ಅದಕ್ಕೆ ಮೇಲ್ಮಿತಿಯೇ ಇರಲಿಲ್ಲ. ಐದು ಪರ್ಸೆಂಟು ತಾನೇ ಅನ್ನಬೇಡಿ. ತಿಂಗಳಿಗೆ 15,000 ಡಾಲರಿನ ಕ್ಯಾನ್ಸರ್ ಮಾತ್ರೆಗೆ ಅದು 750 ಡಾಲರ್. ಅಲ್ಲಿಗೆ ತಲುಪುವ ಮೊದಲು ಕೊಟ್ಟದ್ದೂ ಸೇರಿದರೆ ವರ್ಷಕ್ಕೆ ಹತ್ತು ಸಾವಿರ ದಾಟುತ್ತಿತ್ತು. ನೀವು ಓದಿದ ಅರ್ಧ ಮಾತ್ರೆಯ ಕಥೆಗಳಲ್ಲಿ ಎಷ್ಟೋ ಈ ಕಾಲದವು.

ಈಗ ಪರಿಸ್ಥಿತಿ ಬದಲಾಗಿದೆ, ಇದನ್ನು ಒತ್ತಿ ಹೇಳಲೇಬೇಕು. 2022ರ ಆಗಸ್ಟ್ 16ರಂದು ಬೈಡನ್ ಸಹಿ ಹಾಕಿದ ಹಣದುಬ್ಬರ ಇಳಿಕೆ ಕಾಯ್ದೆಯಲ್ಲಿ ಔಷಧಿಯ ಭಾಗವೂ ಇತ್ತು. ಸೆನೆಟ್ಟಿನಲ್ಲಿ 50-50 ಆಗಿ, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಮತದಿಂದ ಪಾಸಾದದ್ದು. 2023ರಿಂದ ಪಾರ್ಟ್ ಡಿಯಲ್ಲಿ ಇನ್ಸುಲಿನ್ ತಿಂಗಳಿಗೆ ಹೆಚ್ಚೆಂದರೆ 35 ಡಾಲರ್, ಸರ್ಪಸುತ್ತಿನ ಲಸಿಕೆ ಪುಕ್ಕಟೆ. 2024ರಲ್ಲಿ ಆ ಶೇ. 5 ಹೋಯಿತು. 2025ರಿಂದ ವರ್ಷಕ್ಕೆ ಕೈಯಿಂದ ಕೊಡಬೇಕಾದ ಮೊತ್ತಕ್ಕೆ 2,000 ಡಾಲರಿನ ಮಿತಿ ಬಂತು, 2026ಕ್ಕೆ ಅದು 2,100.

ಸರ್ಕಾರಕ್ಕೆ ಚೌಕಾಸಿಯ ಹಕ್ಕು ಬಂದದ್ದೂ ಇದೇ ಕಾನೂನಿನಿಂದ. ಮೊದಲ ಹತ್ತು ಔಷಧಿಗಳ ಹೊಸ ಬೆಲೆ 2026ರ ಜನವರಿಯಿಂದ ಜಾರಿ. ರಕ್ತ ತೆಳುಮಾಡುವ ಎಲಿಕ್ವಿಸ್ ತಿಂಗಳಿಗೆ 521 ಡಾಲರಿನಿಂದ 231ಕ್ಕೆ, ಸಕ್ಕರೆ ಕಾಯಿಲೆಯ ಜನುವಿಯಾ 527ರಿಂದ 113ಕ್ಕೆ ಇಳಿದಿವೆ. 521, 527 ಅನ್ನುವುದು ಕಂಪನಿ ಬರೆದಿಟ್ಟ ಬೆಲೆ. ರಿಬೇಟ್ ಕಳೆದು ಪ್ಲಾನುಗಳಿಗೆ ಮೊದಲೇ ಕಡಿಮೆಗೆ ಸಿಗುತ್ತಿತ್ತು, ಹಾಗಾಗಿ ಸರ್ಕಾರಕ್ಕಾದ ಉಳಿತಾಯ ಈ ವ್ಯತ್ಯಾಸದಷ್ಟಿಲ್ಲ. ಆದರೆ ಕೌಂಟರಿನಲ್ಲಿ ಕಾಲು ಭಾಗ ಕೊಡುವವರಿಗೆ ಇದು ನೇರ ಲಾಭ, ಯಾಕೆಂದರೆ ಅವರ ಲೆಕ್ಕ ಶುರುವಾಗುವ ಬೆಲೆಯೇ ಇಳಿದಿದೆ. ಹಾಗಂತ ಹೊಸ ಔಷಧಿಗೆಲ್ಲ ಈ ಹಕ್ಕು ಇಲ್ಲ. ಮಾತ್ರೆಯಾದರೆ ಅನುಮತಿ ಸಿಕ್ಕಿ ಕನಿಷ್ಠ ಏಳು ವರ್ಷ, ಜೀವಕೋಶಗಳಿಂದ ತಯಾರಾಗುವ ಬಯಾಲಜಿಕ್ ಆದರೆ ಹನ್ನೊಂದು ವರ್ಷ ಕಳೆದಿರಬೇಕು.

ಹಾಗಾದರೆ ಈಗಲೂ ಜನ ಯಾಕೆ ಔಷಧಿ ಬಿಟ್ಟುಹೋಗುತ್ತಾರೆ? ಒಂದು, ಜನವರಿ. ಹೊಸ ವರ್ಷ ಬಂದ ಕೂಡಲೇ ಡಿಡಕ್ಟಿಬಲ್, ಅಂದರೆ ವಿಮೆ ಕೊಡಲು ಶುರುಮಾಡುವ ಮೊದಲು ರೋಗಿ ಕೈಯಿಂದಲೇ ಕೊಡಬೇಕಾದ ಮೊತ್ತ, ಮತ್ತೆ ಸೊನ್ನೆಯಿಂದ ಶುರು. 2026ರಲ್ಲಿ ಅದು 615 ಡಾಲರ್‌ವರೆಗೆ ಇರಬಹುದು. ಡಿಸೆಂಬರಿನಲ್ಲಿ ಏನೂ ಕೊಡದೆ ಒಯ್ದವರಿಗೆ ಜನವರಿಯಲ್ಲಿ ನೂರಾರು ಡಾಲರಿನ ಬಿಲ್. ಈ ಮೊತ್ತವನ್ನು ಬಡ್ಡಿಯಿಲ್ಲದೆ ತಿಂಗಳ ಕಂತುಗಳಲ್ಲಿ ಕಟ್ಟುವ ವ್ಯವಸ್ಥೆ 2025ರಿಂದ ಇದೆ. ಬಹಳ ಜನಕ್ಕೆ ಗೊತ್ತೇ ಇಲ್ಲ. ಅದಕ್ಕೆ ಸೇರಲು ನಮಗೆ ಹೇಳಿದರೆ ಆಗದು, ಪ್ಲಾನಿಗೇ ಫೋನ್ ಮಾಡಬೇಕು.

ಎರಡನೆಯದು ಹೆಚ್ಚು ಅಪಾಯದ್ದು. 2,100ರ ಮಿತಿ ಪ್ಲಾನಿನ ಪಟ್ಟಿಯಲ್ಲಿರುವ ಔಷಧಿಗೆ ಮಾತ್ರ. ಪಟ್ಟಿಯಲ್ಲಿಲ್ಲದ್ದಕ್ಕೆ ಕೊಟ್ಟ ಹಣ, ಪ್ರೀಮಿಯಂ ಹಣ ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿ ಕೊಡುವ ಕ್ಯಾನ್ಸರ್ ಔಷಧಿಗಳು ವೈದ್ಯರ ಶುಲ್ಕದ ಭಾಗವಾದ ಪಾರ್ಟ್ ಬಿ ಅಡಿ ಬರುತ್ತವೆ. ಸರ್ಕಾರವೇ ನಡೆಸುವ ಮೂಲ ಮೆಡಿಕೇರ್‌ನಲ್ಲಿ ಅವುಗಳಿಗೆ ಶೇ. 20 ರೋಗಿಯದು, ಮೇಲ್ಮಿತಿ ಇಲ್ಲ. ಅದನ್ನು ತುಂಬಲು ಮೆಡಿಗ್ಯಾಪ್ ಎಂಬ ಬೇರೆ ವಿಮೆ ಬೇಕು. 65 ತುಂಬಿ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳಲ್ಲಿ ಅದನ್ನು ನಿರಾಕರಿಸುವಂತಿಲ್ಲ. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಕಾಯಿಲೆ ನೋಡಿ ಇಲ್ಲ ಅನ್ನಬಹುದು.

ಒಂದು ಸಣ್ಣ ವಿಷಯ: ಹಳೆಯ ಜೆನೆರಿಕ್ ಕೆಲವಕ್ಕೆ ವಿಮೆಯಲ್ಲಿ ರೋಗಿ ಕೊಡಬೇಕಾದ ಕೋಪೇ ಎಂಬ ಪಾಲಿಗಿಂತ ನಗದು ಬೆಲೆಯೇ ಕಡಿಮೆ ಇರುತ್ತದೆ. ಇದನ್ನು ರೋಗಿಗೆ ಹೇಳದಂತೆ ನಮ್ಮ ಬಾಯಿ ಕಟ್ಟುವ ಕರಾರುಗಳನ್ನು 2018ರಲ್ಲಿ ಕಾನೂನಿನಿಂದ ನಿಷೇಧಿಸಿದರು. ಕೇಳಿದರೆ ಹೇಳುತ್ತೇವೆ. ಕೇಳಿ.

ಇನ್ನು ನಿಮ್ಮ ಅಪ್ಪ ಅಮ್ಮನ ವಿಷಯ. ಗ್ರೀನ್ ಕಾರ್ಡ್ ಸಿಕ್ಕ ಮಾತ್ರಕ್ಕೆ ಮೆಡಿಕೇರ್ ಸಿಗುವುದಿಲ್ಲ. ಇಲ್ಲಿ ದುಡಿದು ತೆರಿಗೆ ಕಟ್ಟಿದ ದಾಖಲೆ ಇಲ್ಲದವರು 65 ತುಂಬಿದ್ದರೂ ಐದು ವರ್ಷ ಸತತವಾಗಿ ಇಲ್ಲಿ ವಾಸವಿರಬೇಕು. ಆಮೇಲೂ ಅದು ಕೊಂಡುಕೊಳ್ಳುವ ವಿಮೆ. ಆಸ್ಪತ್ರೆಯ ಭಾಗವಾದ ಪಾರ್ಟ್ ಎ ಪ್ರೀಮಿಯಂ ಒಂದೇ ಒಬ್ಬರಿಗೆ ತಿಂಗಳಿಗೆ 500 ಡಾಲರ್ ದಾಟುತ್ತದೆ. ಪಾರ್ಟ್ ಬಿ ಒಂದನ್ನೇ ಕೊಂಡು ಅದರ ಜೊತೆ ಪಾರ್ಟ್ ಡಿ ಸೇರಬಹುದು. ಆ ಐದು ವರ್ಷಕ್ಕೆ ಬೇರೆ ವಿಮೆಯ ಲೆಕ್ಕ ಹಾಕದೆ ಟಿಕೆಟ್ ತೆಗೆಸಬೇಡಿ.

ಅರ್ಹತೆ ಬಂದ ಮೇಲೆ, ಸದ್ಯ ಮಾತ್ರೆ ಏನೂ ನುಂಗುತ್ತಿಲ್ಲವಲ್ಲ ಎಂದು ಪಾರ್ಟ್ ಡಿ ಮುಂದೂಡಬೇಡಿ. ಬೇರೆ ಸಮನಾದ ವಿಮೆ ಇಲ್ಲದೆ ತಡಮಾಡಿದ ಪ್ರತಿ ತಿಂಗಳಿಗೂ ಸರ್ಕಾರ ಆಯಾ ವರ್ಷಕ್ಕೆ ಗೊತ್ತುಮಾಡುವ ಮೂಲ ಪ್ರೀಮಿಯಮ್ಮಿನ ಶೇ. 1ರಂತೆ ದಂಡ, ಅದೂ ಪಾರ್ಟ್ ಡಿ ಇರುವಷ್ಟು ಕಾಲ. 40 ತಿಂಗಳು ತಡವಾದರೆ 2026ರ ಲೆಕ್ಕದಲ್ಲಿ ತಿಂಗಳಿಗೆ 15.60 ಡಾಲರ್. ಆದಾಯ ಬಡತನ ರೇಖೆಯ ಒಂದೂವರೆ ಪಟ್ಟಿಗಿಂತ ಕಡಿಮೆಯಿದ್ದು ಆಸ್ತಿ, ಉಳಿತಾಯವೂ ಮಿತಿಯೊಳಗಿದ್ದರೆ 'ಎಕ್ಸ್‌ಟ್ರಾ ಹೆಲ್ಪ್' ಎಂಬ ನೆರವು ಸಿಗುತ್ತದೆ. ಆಗ 2026ರಲ್ಲಿ ಜೆನೆರಿಕ್‌ಗೆ ಹೆಚ್ಚೆಂದರೆ 5.10, ಬ್ರ್ಯಾಂಡ್ ಔಷಧಿಗೆ 12.65 ಡಾಲರ್. ಈ ನೆರವು ಇರುವಷ್ಟು ಕಾಲ ತಡಮಾಡಿದ ದಂಡವೂ ಇಲ್ಲ.

ಪ್ಲಾನ್ ಬದಲಿಸುವ ಅವಕಾಶ ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ. ಹೋದ ವರ್ಷ ಪಟ್ಟಿಯಲ್ಲಿದ್ದ ಔಷಧಿ ಈ ವರ್ಷ ಇರುತ್ತದೆ ಎಂದು ನಂಬಬೇಡಿ. ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಹೆಸರಿನಡಿ ಉಚಿತ ಸಲಹೆ ಕೊಡುವವರಿದ್ದಾರೆ. ಏಜೆಂಟರಂತೆ ಅವರಿಗೆ ಕಮಿಷನ್ ಇಲ್ಲ. ಹೋಗುವಾಗ ಎಲ್ಲ ಔಷಧಿಗಳ ಹೆಸರು, ಎಷ್ಟು ಮಿಲಿಗ್ರಾಂ, ತಿಂಗಳಿಗೆ ಎಷ್ಟು ಮಾತ್ರೆ, ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ ಎಂಬ ಪಟ್ಟಿ ಬರೆದುಕೊಂಡು ಹೋಗಿ. ಸೆಪ್ಟೆಂಬರಿನಲ್ಲೇ ಸಮಯ ಕೇಳಿಟ್ಟುಕೊಳ್ಳುವುದು ವಾಸಿ, ಡಿಸೆಂಬರ್ ಮೊದಲ ವಾರದಲ್ಲಿ ಅಲ್ಲಿ ವಿಪರೀತ ರಷ್ ಇರುತ್ತದೆ.