191 ಎಸೆತಗಳ ಪಂದ್ಯವನ್ನು ಎಲ್ಲಿ ಬಿಟ್ಟಿರಿ?

ಪ್ರಿಯ ಲೇಖಕರೇ,

ಜಪಾನಿನ ಬೇಸ್‌ಬಾಲ್ ಪಿಚರ್ (ಚೆಂಡೆಸೆಯುವ ಆಟಗಾರ) ಹಿದೆಯೊ ನೋಮೊ ಕುರಿತು ನೀವು ಕಳುಹಿಸಿದ ‘ಬಿರುಗಾಳಿಯ ವೀರ’ ಲೇಖನವನ್ನು ಪೂರ್ತಿ ಓದಿದ್ದೇನೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ‘ಸ್ಥಳಾಭಾವದಿಂದ ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಕನ್ನಡದಲ್ಲಿ ಬೇಸ್‌ಬಾಲ್ ಬಗ್ಗೆ ಬರೆಯಲು ಹೊರಡುವವರೇ ಅಪರೂಪ, ಅದರಲ್ಲೂ ನೀವು ಆರಿಸಿಕೊಂಡಿರುವ ಮನುಷ್ಯ ಬರೆಯುವುದಕ್ಕೆ ಯೋಗ್ಯ. ಹಾಗಾಗಿ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಮೊದಲ ಪುಟವನ್ನು ಪೂರ್ತಿ ತೆಗೆದುಹಾಕಿ. ಅಲ್ಲಿ ‘ಉದಯಸೂರ್ಯನ ನಾಡು’ ಇದೆ, ಚೆರ್ರಿ ಹೂವು ಇದೆ, ಸಮುರಾಯ್ ಮೂರು ಸಲ ಬಂದು ಹೋಗುತ್ತಾನೆ, ನೋಮೊ ಮಾತ್ರ ಇಲ್ಲ. ಎರಡನೆಯ ಪುಟದಲ್ಲಿ ಬಾಲಕ ನೋಮೊ ಮತ್ತು ಅವರ ತಾಯಿಯ ನಡುವೆ ಒಂದು ಸಂಭಾಷಣೆ ಬರುತ್ತದೆ. ಒಸಾಕಾದ ಆ ಮನೆಯಲ್ಲಿ ಆ ಹೊತ್ತಿಗೆ ನೀವು ಇದ್ದಿರಾ? ಇಲ್ಲದಿದ್ದರೆ ಅದು ಕಥೆ, ಮತ್ತು ಕಥೆಗಳ ವಿಭಾಗ ಬೇರೆ ಇದೆ. ಕಲ್ಪಿಸಿಕೊಂಡ ಆ ಮಾತುಕತೆಗೆ ಅರ್ಧ ಪುಟ ಕೊಟ್ಟಿದ್ದೀರಿ. ನಿಜವಾಗಿ ನಡೆದದ್ದು ಒಂದೇ ವಾಕ್ಯದಲ್ಲಿ ಮುಗಿದಿದೆ. ಪ್ರೌಢಶಾಲಾ ಹುಡುಗರೆಲ್ಲ ಕನಸು ಕಾಣುವ ಕೋಶಿಯೆನ್ ಪಂದ್ಯಾವಳಿಯ ಮುಖವನ್ನೇ ನೋಮೊ ಕಾಣಲಿಲ್ಲ. ಶಾಲೆ ಮುಗಿಸಿ ಸಕಾಯ್‌ನ ಉಕ್ಕಿನ ಕಾರ್ಖಾನೆಯ ತಂಡ ಸೇರಿದರು. ಮುಂದೆ ಅನ್ನ ಕೊಟ್ಟ ಫೋರ್ಕ್‌ಬಾಲ್ ಎಸೆತವನ್ನು ಕಲಿತದ್ದು ಅಲ್ಲಿಯೇ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದರು. ಮರುವರ್ಷದ ಆಯ್ಕೆ ಪ್ರಕ್ರಿಯೆಯಲ್ಲಿ ಜಪಾನಿನ ಹನ್ನೆರಡು ವೃತ್ತಿಪರ ತಂಡಗಳ ಪೈಕಿ ಎಂಟು ಇವರೇ ಬೇಕೆಂದು ಹಟ ಹಿಡಿದವು. ಚೀಟಿ ಎತ್ತಬೇಕಾಯಿತು, ಕಿಂಟೆತ್ಸು ಬಫಲೋಸ್ ತಂಡಕ್ಕೆ ಚೀಟಿ ಒಲಿಯಿತು. ಕಾರ್ಖಾನೆಯಿಂದ ಎಂಟು ತಂಡಗಳ ಚೀಟಿಯವರೆಗಿನ ಈ ಎರಡು ಮೂರು ವರ್ಷಗಳೇ ನಿಮ್ಮ ಲೇಖನದ ಆರಂಭ.

ಮುಂದೆ ‘ಅವರ ವಿಶಿಷ್ಟ ಎಸೆತದ ಶೈಲಿ ಜಗತ್ತನ್ನೇ ಬೆರಗುಗೊಳಿಸಿತು’ ಎಂದಿದ್ದೀರಿ. ನನಗೆ ಬೆರಗಾಗಲಿಲ್ಲ, ಏಕೆಂದರೆ ಏನನ್ನೂ ನೋಡಲಿಲ್ಲ. ತೋರಿಸಿ. ನೋಮೊ ಎರಡೂ ಕೈಗಳನ್ನು ತಲೆಯ ಮೇಲೆ ನೀಳವಾಗಿ ಚಾಚುತ್ತಾರೆ. ಎಡ ಮಂಡಿಯನ್ನು ಎತ್ತಿ ಸೊಂಟದಿಂದ ಪೂರ್ತಿ ತಿರುಗುತ್ತಾರೆ. ಈಗ ಬ್ಯಾಟರ್‌ಗೆ ಕಾಣುವುದು ಅವರ ಬೆನ್ನು ಮತ್ತು ಅಂಗಿಯ ಮೇಲಿನ ಸಂಖ್ಯೆ ಮಾತ್ರ. ಒಂದು ಕ್ಷಣ ಹಾಗೇ ನಿಂತು, ಆಮೇಲೆ ಇಡೀ ದೇಹ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ತೋರುಬೆರಳು ಮತ್ತು ನಡುಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡ ಚೆಂಡು ನೇರ ಎಸೆತದಂತೆಯೇ ಬಂದು ಬ್ಯಾಟಿನ ಹತ್ತಿರ ದಿಢೀರನೆ ಕೆಳಗೆ ಬೀಳುತ್ತದೆ. ‘ಬಿರುಗಾಳಿ’ ಎಂದು ಹೆಸರಾದ ಇದು ತರಬೇತುದಾರರು ಕಂಡರೆ ತಿದ್ದಲು ಓಡಿಬರುವಂತಹ ಭಂಗಿ. ತನ್ನ ಶೈಲಿಗೆ ಕೈಹಾಕಬಾರದು ಎಂಬ ಷರತ್ತಿನ ಮೇಲೆಯೇ ನೋಮೊ ತಂಡ ಸೇರಿದರು, ಆಗಿನ ವ್ಯವಸ್ಥಾಪಕ ಅಕಿರ ಓಗಿ ಆ ಮಾತು ಉಳಿಸಿಕೊಂಡರು. ಫಲವಾಗಿ 1990ರಲ್ಲಿ, ಮೊದಲ ವರ್ಷದಲ್ಲೇ, 18 ಗೆಲುವು, 287 ಸ್ಟ್ರೈಕ್ಔಟ್, ಅಂದರೆ ಚೆಂಡನ್ನು ಹೊಡೆಯಲಾಗದೆ ಔಟಾದ ಬ್ಯಾಟರ್‌ಗಳು. ಪೆಸಿಫಿಕ್ ಲೀಗ್‌ನಲ್ಲಿ ಮೊದಲ ನಾಲ್ಕು ವರ್ಷವೂ ಗೆಲುವು ಮತ್ತು ಸ್ಟ್ರೈಕ್ಔಟ್ ಎರಡರಲ್ಲೂ ಅವರೇ ಮುಂದು. ಅಂಕಿ ಅಂಶ ಇಷ್ಟು ಸಾಕು. ನೀವು ವರ್ಷವಾರು ಕೊಟ್ಟಿರುವ ಕೋಷ್ಟಕ ಬೇಡ.

ಈಗ ಮುಖ್ಯ ತಕರಾರು. 1994ರ ವರ್ಷಕ್ಕೆ ನೀವು ಕೊಟ್ಟಿರುವುದು ‘ತಂಡದೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ’ ಎಂಬ ಅರ್ಧ ವಾಕ್ಯ. ಇಡೀ ವೃತ್ತಿಜೀವನ ಮಗ್ಗಲು ಬದಲಿಸಿದ್ದು ಆ ವರ್ಷವೇ. ಓಗಿ ಹೋಗಿ ಕೆಯಿಶಿ ಸುಜುಕಿ ಬಂದು ಒಂದು ವರ್ಷವಾಗಿತ್ತು. ಏಪ್ರಿಲ್ 9, ಋತುವಿನ ಮೊದಲ ಪಂದ್ಯ, ಎದುರಾಳಿ ಸೆಯಿಬು. ಎಂಟು ಇನಿಂಗ್ಸ್ ಮುಗಿದರೂ ನೋಮೊ ಒಂದೇ ಒಂದು ಹಿಟ್ ಕೊಟ್ಟಿಲ್ಲ, ಅಂದರೆ ಯಾರೂ ತಮ್ಮ ಹೊಡೆತದ ಬಲದಿಂದ ಬೇಸ್ ಮುಟ್ಟಿಲ್ಲ, ಅಂಕ 3–0. ಒಂಬತ್ತನೆಯದರಲ್ಲಿ ಸೆಯಿಬುವಿನ ಕಿಯೊಹಾರ ಒಂದು ಚೆಂಡನ್ನು ಬಾರಿಸಿದರು, ಬೇಸ್‌ಗಳು ತುಂಬಿದವು. ಸುಜುಕಿ ನೋಮೊ ಅವರನ್ನು ಹೊರಗೆ ಕರೆಸಿ ಬೇರೆ ಪಿಚರ್‌ನನ್ನು ಇಳಿಸಿದರು. ಸೆಯಿಬುವಿನ ಕ್ಯಾಚರ್ ಇತೊ ಚೆಂಡನ್ನು ಬೇಲಿಯಾಚೆ ಕಳುಹಿಸಿದರು. ಬೇಸ್‌ಗಳಲ್ಲಿದ್ದ ಮೂವರೂ ಅವರೂ ಸೇರಿ ನಾಲ್ಕು ರನ್, ಪಂದ್ಯ ಮುಗಿಯಿತು.

ಅದೇ ವರ್ಷ ಜುಲೈ 1, ಎದುರಾಳಿ ಮತ್ತೆ ಸೆಯಿಬು. ಆ ದಿನ ನೋಮೊ ಅವರ ಕೈಗೆ ಚೆಂಡು ಮಾತು ಕೇಳುತ್ತಿರಲಿಲ್ಲ. ಬ್ಯಾಟರ್ ಹೊಡೆಯಬಲ್ಲ ಚೌಕದ ಹೊರಗೆ ನಾಲ್ಕು ಎಸೆತ ಹೋದರೆ ಅವನಿಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದೆ. ಅಂಥ ಪುಕ್ಕಟೆ ಬೇಸ್‌ಗಳು ಆ ಪಂದ್ಯದಲ್ಲಿ ಹದಿನಾರು. ಯಾವ ವ್ಯವಸ್ಥಾಪಕನಾದರೂ ಮಧ್ಯದಲ್ಲೇ ಬದಲಿಸುತ್ತಿದ್ದ. ಏಪ್ರಿಲ್‌ನಲ್ಲಿ ಹೊರಗೆ ಕರೆಸಿದ ಸುಜುಕಿ ಈ ಸಲ ಕರೆಸಲಿಲ್ಲ. ನೋಮೊ ಒಂಬತ್ತೂ ಇನಿಂಗ್ಸ್ ಎಸೆದರು, 191 ಎಸೆತ, ಪಂದ್ಯ ಗೆದ್ದರು ಕೂಡ. ಆಮೇಲೆ ಭುಜ ಕೈಕೊಟ್ಟಿತು. ಆ ವರ್ಷದ ಗೆಲುವು ಎಂಟಕ್ಕೇ ನಿಂತಿತು.

ಈ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟರೆ ಭಿನ್ನಾಭಿಪ್ರಾಯ ಏನೆಂದು ನೀವು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಆದರೆ ಒಂದು ತೊಡಕು ಇದೆ, ಎಚ್ಚರವಿರಲಿ. ನಮ್ಮ ಓದುಗರು ಕ್ರಿಕೆಟ್ ಕಣ್ಣಿನವರು. 191 ಎಸೆತ ಎಂದರೆ ಮೂವತ್ತೆರಡು ಓವರಿಗೆ ಒಂದು ಚೆಂಡು ಕಡಿಮೆ. 1999ರಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಹತ್ತೂ ವಿಕೆಟ್ ಪಡೆದದ್ದು 26.3 ಓವರ್ ಎಸೆದು. ‘ಇದರಲ್ಲೇನು ಮಹಾ?’ ಎಂದು ಓದುಗ ಪುಟ ತಿರುಗಿಸಿಬಿಡುತ್ತಾನೆ. ಹಾಗಾಗಿ ವ್ಯತ್ಯಾಸವನ್ನು ನಾಲ್ಕು ಸಾಲಿನಲ್ಲಿ ಹೇಳಬೇಕು. ಪಿಚರ್‌ಗೆ ಓಟದ ಆಸರೆ ಇಲ್ಲ, ಹತ್ತು ಅಂಗುಲದ ದಿಬ್ಬದ ಮೇಲೆ ನಿಂತಲ್ಲಿಂದಲೇ ಎಸೆಯಬೇಕು. ನೆಲಕ್ಕೆ ಪುಟಿಸುವಂತಿಲ್ಲ, 18.44 ಮೀಟರ್ ದೂರ ಚೆಂಡು ಗಾಳಿಯಲ್ಲೇ ಸಾಗಬೇಕು. ಮೊಣಕೈ ಮಡಚಿ ಚಿಮ್ಮಿಸುವಾಗ ಆ ವೇಗದ ಭಾರವೆಲ್ಲ ಭುಜ ಮತ್ತು ಮೊಣಕೈಯ ಮೇಲೆ. ಅಮೆರಿಕದಲ್ಲಿ ಎಸೆತ ನೂರು ದಾಟಿದರೆ ತರಬೇತುದಾರರು ಕುರ್ಚಿಯ ಅಂಚಿಗೆ ಬರುತ್ತಾರೆ. ಇಷ್ಟು ಗೊತ್ತಾದ ಮೇಲೆ 191 ಓದಿದವನಿಗೆ ತನ್ನ ಭುಜವೇ ನೋಯಬೇಕು.

ಸುಜುಕಿಯನ್ನು ಖಳನಾಯಕ ಮಾಡುವ ಆಸೆ ಬರುತ್ತದೆ, ಮಾಡಬೇಡಿ. ಅವರು ಇದೇ ಕಿಂಟೆತ್ಸು ತಂಡಕ್ಕೆ 317 ಪಂದ್ಯ ಗೆದ್ದುಕೊಟ್ಟ ಎಡಗೈ ಪಿಚರ್. ಓಡು, ಇನ್ನೂ ಓಡು, ಎಸೆ, ಇನ್ನೂ ಎಸೆ ಎಂಬ ಪಾಠದಲ್ಲೇ ಬೆಳೆದವರು, ಅದರಿಂದಲೇ ಗೆದ್ದವರು. ತನಗೆ ಫಲಿಸಿದ್ದನ್ನು ಇನ್ನೊಬ್ಬರ ಮೇಲೆ ಹೇರುವ ಹಿರಿಯರನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ.

ನಿಮ್ಮ ಲೇಖನದ ಅತ್ಯಂತ ದುರ್ಬಲ ವಾಕ್ಯ ‘ಕೋಟಿಗಳ ಸಂಬಳ ಒದ್ದು ಕನಸಿನ ಬೆನ್ನೇರಿ ಅಮೆರಿಕಕ್ಕೆ ಹಾರಿದರು’ ಎಂಬುದು. ಹಾರಲು ಬಿಡುವವರು ಯಾರು? ಜಪಾನಿನಲ್ಲಿ ಸ್ವತಂತ್ರವಾಗಿ ತಂಡ ಬದಲಿಸುವ ಹಕ್ಕು 1993ರಲ್ಲಷ್ಟೇ ಬಂದಿತ್ತು, ಅದೂ ಹತ್ತು ವರ್ಷ ಆಡಿದವರಿಗೆ. ನೋಮೊ ಆಡಿದ್ದು ಐದು. ಆಗ ಅವರ ಏಜೆಂಟ್ ಡಾನ್ ನೊಮುರ ನಿಯಮಾವಳಿಯಲ್ಲಿ ಒಂದು ಸಂದಿ ಹುಡುಕಿದರು. ಸ್ವಇಚ್ಛೆಯಿಂದ ನಿವೃತ್ತನಾದ ಆಟಗಾರ ಮತ್ತೆ ಜಪಾನಿನಲ್ಲಿ ಆಡುವುದಾದರೆ ಹಳೆಯ ತಂಡಕ್ಕೇ ಆಡಬೇಕಿತ್ತು. ವಿದೇಶದಲ್ಲಿ ಆಡುವುದಕ್ಕೆ ತಡೆ ಇರಲಿಲ್ಲ. ನೋಮೊ ಹಲವು ವರ್ಷಗಳ ಒಪ್ಪಂದ ಕೇಳಿದರು, ಮಾತುಕತೆಗೆ ಏಜೆಂಟ್ ಇರಬೇಕೆಂದರು. ತಂಡ ಒಪ್ಪಲಿಲ್ಲ. 26ನೆಯ ವಯಸ್ಸಿನಲ್ಲಿ ‘ನಿವೃತ್ತ’ರಾಗಿ, 1995ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದರು. ಇದು ಕನಸಿಗಿಂತ ಹೆಚ್ಚಾಗಿ ಕಾಗದಪತ್ರದ ಕಥೆ, ಅದಕ್ಕೇ ಸ್ವಾರಸ್ಯ.

ಸಂಬಳದ ವಿಷಯವನ್ನೂ ನೀವು ಅರ್ಧ ಮಾತ್ರ ಹೇಳಿದ್ದೀರಿ. ಜಪಾನಿನಲ್ಲಿ ವರ್ಷಕ್ಕೆ 14 ಕೋಟಿ ಯೆನ್ ಪಡೆಯುತ್ತಿದ್ದವರು ಅಮೆರಿಕದಲ್ಲಿ ಕನಿಷ್ಠ ವೇತನಕ್ಕೆ, ಸುಮಾರು 1.09 ಲಕ್ಷ ಡಾಲರಿಗೆ, ಆಡಿದರು ಎಂಬುದು ನಿಜ. ಸಹಿ ಹಾಕಿದ್ದಕ್ಕೆ 20 ಲಕ್ಷ ಡಾಲರ್ ಬಂತು ಎಂಬುದೂ ಅಷ್ಟೇ ನಿಜ. ಅದನ್ನು ಮುಚ್ಚಿಟ್ಟು ತ್ಯಾಗಮೂರ್ತಿಯನ್ನು ಕಡೆದರೆ ಗೊತ್ತಿರುವ ಓದುಗ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಅವರ ಅಪಾಯ ಬೇರೆಯೇ ಇತ್ತು. ಸೋತರೆ ವಾಪಸು ಹೋಗಲು ಕಿಂಟೆತ್ಸು ಬಿಟ್ಟು ಬೇರೆ ಮನೆ ಇರಲಿಲ್ಲ.

ಇನ್ನು ತಪ್ಪುಗಳು. ನೋಮೊ ‘ಅಮೆರಿಕದಲ್ಲಿ ಆಡಿದ ಮೊದಲ ಜಪಾನಿ’ ಅಲ್ಲ. ಮಸನೋರಿ ಮುರಕಾಮಿ 1964 ಮತ್ತು 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಆಡಿದ್ದರು. ಆಮೇಲೆ ಮೂವತ್ತು ವರ್ಷ ಆ ಮಟ್ಟದಲ್ಲಿ ಯಾರೂ ಇಲ್ಲ. ಆ ಮೂವತ್ತು ವರ್ಷಗಳ ಖಾಲಿ ಜಾಗ ನಿಮ್ಮ ‘ಮೊದಲಿಗ’ ಎಂಬ ಬಿರುದಿಗಿಂತ ಹೆಚ್ಚು ಹೇಳುತ್ತದೆ. 1996ರ ಸೆಪ್ಟೆಂಬರ್ 17ರಂದು ಡೆನ್ವರ್‌ನ ಕೂರ್ಸ್ ಮೈದಾನದಲ್ಲಿ ಒಂದೂ ಹಿಟ್ ಕೊಡದೆ ಗೆದ್ದದ್ದು ‘ಬಿರುಗಾಳಿ ಶೈಲಿಯ ಪರಾಕಾಷ್ಠೆ’ ಎಂದಿದ್ದೀರಿ. ಅಂದು ಮಳೆ ಬಂದು ದಿಬ್ಬ ಕೆಸರಾಗಿತ್ತು. ಕಾಲು ಜಾರುತ್ತದೆಂದು ನೋಮೊ ತಮ್ಮ ಪ್ರಸಿದ್ಧ ಸುತ್ತನ್ನು ಕೈಬಿಟ್ಟು, ಪಂದ್ಯದ ಹೆಚ್ಚಿನ ಭಾಗ ಮೊಟಕು ಭಂಗಿಯಲ್ಲಿ ಎಸೆದರು. ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಚೆಂಡು ಹಾರುವ ಆ ಮೈದಾನ ಪಿಚರ್‌ಗಳ ಪಾಲಿಗೆ ಸ್ಮಶಾನ. ಯಾವುದಕ್ಕೆ ಹೆಸರಾಗಿದ್ದರೋ ಅದನ್ನೇ ಬಿಟ್ಟು ಅಲ್ಲಿ ಗೆದ್ದರು. ನಿಮ್ಮ ಕೈಯಲ್ಲಿದ್ದ ಚಿನ್ನವನ್ನು ಹಿತ್ತಾಳೆಗೆ ಮಾರಿದ್ದೀರಿ.

ಕೊನೆಯ ಪುಟದಲ್ಲಿ ‘201 ಗೆಲುವುಗಳ ಸಾರ್ಥಕ ಭಾವದೊಂದಿಗೆ ವಿದಾಯ’ ಎಂದಿದೆ. 2008ರ ಜುಲೈನಲ್ಲಿ ನಿವೃತ್ತರಾದಾಗ ಅವರು ಹೇಳಿದ್ದು ಇದಕ್ಕೆ ತದ್ವಿರುದ್ಧ: ಕೊರಗಿಲ್ಲದೆ ಹೋಗುವವರಿದ್ದಾರೆ, ತನಗೆ ಮಾತ್ರ ಕೊರಗು ಉಳಿದಿದೆ ಎಂದು. ಆ ಕೊರಗಿನ ಹಿಂದೆ ನೀವು ಕೈಬಿಟ್ಟಿರುವ ಹತ್ತು ವರ್ಷಗಳಿವೆ. 1995ರಲ್ಲಿ 236 ಸ್ಟ್ರೈಕ್ಔಟ್‌ಗಳೊಂದಿಗೆ ನ್ಯಾಷನಲ್ ಲೀಗ್‌ನ ವರ್ಷದ ಹೊಸ ಆಟಗಾರ ಎನಿಸಿಕೊಂಡವರು 1997ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನ್ಯೂಯಾರ್ಕ್, ಮಿಲ್ವಾಕಿ, ಡೆಟ್ರಾಯಿಟ್ ಎಂದು ಊರೂರು ತಿರುಗಿದರು. 2001ರ ಏಪ್ರಿಲ್ 4ರಂದು ಬಾಸ್ಟನ್ ಪರ ಮೊದಲ ಪಂದ್ಯದಲ್ಲೇ ಮತ್ತೊಮ್ಮೆ ಹಿಟ್ ಕೊಡದೆ ಗೆದ್ದರು. ಆಮೇಲೆ ಭುಜ ಕೆಟ್ಟಿತು. ವೆನೆಜುವೆಲಾದ ಚಳಿಗಾಲದ ಲೀಗ್‌ವರೆಗೆ ಹೋಗಿ ಎಸೆದು, ಮೂರು ವರ್ಷಗಳ ಬಿಡುವಿನ ಬಳಿಕ 2008ರಲ್ಲಿ ಕಾನ್ಸಾಸ್ ಸಿಟಿ ತಂಡದ ಮೂಲಕ ಅಮೆರಿಕದ ಅಗ್ರ ಲೀಗ್‌ಗೆ ಮರಳಿದರು. ಮೂರು ಪಂದ್ಯಗಳಲ್ಲಿ ಚೆನ್ನಾಗಿ ಹೊಡೆಸಿಕೊಂಡು ಹೊರಬಿದ್ದರು. ಅಮೆರಿಕದಲ್ಲಿ 123 ಗೆಲುವಿನ ಜೊತೆ 109 ಸೋಲೂ ಇವೆ. ಗೆಲುವಿನ ಲೆಕ್ಕ ಕೊಟ್ಟವರು ಸೋಲಿನದನ್ನೂ ಕೊಡಿ.

‘ಅವರು ತೆರೆದ ಬಾಗಿಲಲ್ಲಿ ಇಚಿರೊ, ದರ್ವಿಶ್, ಓತಾನಿ ನಡೆದುಹೋದರು’ ಎಂಬ ಸಾಲು ಕೇಳಲು ಇಂಪಾಗಿದೆ, ಆದರೆ ನೋಮೊ ನುಸುಳಿದ ಆ ಸಂದಿಯನ್ನು ಮಾಲೀಕರು ಬೇಗನೆ ಮುಚ್ಚಿಬಿಟ್ಟರು. 1998ರಲ್ಲಿ ‘ಪೋಸ್ಟಿಂಗ್’ ವ್ಯವಸ್ಥೆ ಬಂತು, ಆಟಗಾರ ಹೋಗಬೇಕಾದರೆ ಅಮೆರಿಕದ ತಂಡ ಜಪಾನಿನ ತಂಡಕ್ಕೆ ಹಣ ಕಟ್ಟಬೇಕು. ಇಚಿರೊಗಾಗಿ ಸಿಯಾಟಲ್ ತಂಡ ಸುಮಾರು 1.3 ಕೋಟಿ ಡಾಲರ್, 2006ರಲ್ಲಿ ದೈಸುಕೆ ಮತ್ಸುಜಾಕಾಗಾಗಿ ಬಾಸ್ಟನ್ 5.11 ಕೋಟಿ ಡಾಲರ್ ಕಟ್ಟಿದವು. ನೋಮೊ ಹೋದಾಗ ಕಿಂಟೆತ್ಸುವಿಗೆ ಇಂಥ ಶುಲ್ಕ ಯಾರೂ ಕಟ್ಟಬೇಕಾಗಿರಲಿಲ್ಲ. 2004ರ ಋತುವಿನ ನಂತರ ಆ ತಂಡವೇ ಒರಿಕ್ಸ್ ತಂಡದ ಜೊತೆ ವಿಲೀನವಾಗಿ ‘ಕಿಂಟೆತ್ಸು’ ಎಂಬ ಹೆಸರು ಕಳೆದುಕೊಂಡಿತು.

ತಿದ್ದಿ ಬರೆದು ಕಳುಹಿಸಿದರೆ ಮತ್ತೆ ಓದುತ್ತೇನೆ. ಸಾವಿರದ ಐನೂರು ಪದ ಮೀರಬಾರದು. 1994ಕ್ಕೆ ಕನಿಷ್ಠ ಮೂರನೇ ಒಂದು ಭಾಗ ಇರಲಿ. ಬೇಸ್‌ಬಾಲ್ ನಿಯಮಗಳ ಪರಿಚಯವನ್ನು ಪ್ರತ್ಯೇಕ ಚೌಕಟ್ಟಿನಲ್ಲಿ ಹಾಕಬೇಡಿ, ಬೇಕಾದಲ್ಲಿ ಬೇಕಾದಷ್ಟೇ ವಾಕ್ಯದೊಳಗೆ ಬರಲಿ. ‘ಅಪ್ರತಿಮ’, ‘ಅದ್ವಿತೀಯ’, ‘ದಂತಕಥೆ’ ಈ ಮೂರೂ ಪದಗಳಿಲ್ಲದ ಕರಡು ಬರಲಿ. ಜೊತೆಗೆ ಕಳುಹಿಸಿದ ಚಿತ್ರಗಳಿಗೆ ಅನುಮತಿ ಪಡೆದಿದ್ದೀರಾ ತಿಳಿಸಿ, ಇಲ್ಲವಾದರೆ ಚಿತ್ರಗಳಿಲ್ಲದೆಯೇ ಹಾಕೋಣ. ಶೀರ್ಷಿಕೆಯನ್ನು ನನಗೆ ಬಿಡಿ.

ಇಂತಿ,
ಸಂಪಾದಕ