ಅಧ್ಯಾಪಕರಿಗೆ ತರಬೇತಿ ಕೊಟ್ಟರೂ ಕ್ಲಾಸಿನಲ್ಲಿ ಏನೂ ಬದಲಾಗುತ್ತಿಲ್ಲ, ಏನು ಮಾಡಲಿ?

ವೈವಿಧ್ಯ, ಸಮಾನತೆ, ಎಲ್ಲರನ್ನೂ ಒಳಗೊಳ್ಳುವುದು ಅಂತ ವರ್ಷಕ್ಕೊಂದು ಕಾರ್ಯಾಗಾರ ಮಾಡಿಸುತ್ತೇನೆ, ಎಲ್ಲರೂ ಬಂದು ಸಹಿ ಹಾಕಿ ಹೋಗುತ್ತಾರೆ ಅಂತ ಬರೆದಿದ್ದೀರಿ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಈ ತರಬೇತಿ ಕೆಲಸಕ್ಕೆ ಬಂದವಳು. ಮೊದಲ ಎರಡು ವರ್ಷ ನಾವೂ ಮಾಡಿದ್ದು ನೀರಲ್ಲಿ ಹೋಮವೇ. 'ನಿಮ್ಮೊಳಗೆ ಪೂರ್ವಗ್ರಹ ಇದೆ' ಅಂತ ಶುರು ಮಾಡಿದರೆ ಯಾರಿಗೆ ತಾನೇ ಹಿಡಿಸುತ್ತದೆ? ಕೈಕಟ್ಟಿ ಕೂತರು, ಎದ್ದು ಹೋದರು.

ಬದಲಾವಣೆ ಶುರುವಾಗಿದ್ದು ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಹೋಗಿ ಕೂತಾಗ. ಮೊದಲು ನನ್ನ ಕ್ಲಾಸಿಗೇ ಕರೆದೆ. ಬಂದ ಸಹೋದ್ಯೋಗಿ ಹಾಳೆಯ ಮೇಲೆ ಬೆಂಚುಗಳ ನಕ್ಷೆ ಬರೆದುಕೊಂಡು, ಯಾರು ಮಾತಾಡಿದರೂ ಅಲ್ಲಿ ಒಂದು ಗೆರೆ ಎಳೆದರು. ಗಂಟೆ ಮುಗಿದಾಗ ನೋಡಿದರೆ ಗೆರೆಗಳೆಲ್ಲ ಹೆಚ್ಚುಕಡಿಮೆ ಮುಂದಿನ ಎರಡು ಸಾಲಿನಲ್ಲೇ, ಅದೂ ಐದೇ ಜನರದ್ದು. ಚುರುಕಾದ ಕ್ಲಾಸು ಅಂದುಕೊಂಡಿದ್ದೆ! ಪಕ್ಕದಲ್ಲಿ, ಪ್ರಶ್ನೆ ಕೇಳಿ ನಾನು ಎಷ್ಟು ಸೆಕೆಂಡು ಕಾದೆ ಅಂತಲೂ ಬರೆದಿದ್ದರು: 1, 1, 2, 1. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲಿ ಶಾಲೆಗಳ ವಿಜ್ಞಾನ ಪಾಠಗಳಲ್ಲಿ ಕಂಡಿದ್ದೂ ಇದನ್ನೇ. ಶಿಕ್ಷಕರು ಸರಾಸರಿ ಸುಮಾರು ಒಂದು ಸೆಕೆಂಡು ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡುವ ಮಕ್ಕಳೂ ಜಾಸ್ತಿಯಾದರು.

ಆಮೇಲೆ ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಒಂದು ನಿಮಿಷ ಬರೆಯಬೇಕು ಅಂತ ಮಾಡಿದೆ. ಬರೆದು, ಪಕ್ಕದವರ ಜೊತೆ ಮಾತಾಡಿ, ಆಮೇಲೆ ಹೇಳುವುದು. ಅಲ್ಲಿವರೆಗೆ ಒಂದು ಮಾತೂ ಆಡದಿದ್ದ ಒಬ್ಬ ಹುಡುಗನ ಚೀಟಿ ಇನ್ನೂ ಕಣ್ಣಮುಂದಿದೆ. ಉತ್ತರ ಮೊದಲು ಅವನ ಮನೆಮಾತಿನಲ್ಲಿತ್ತು. ಅದನ್ನು ಹೊಡೆದುಹಾಕಿ, ಕೆಳಗೆ ಪಾಠದ ಭಾಷೆಯಲ್ಲಿ ಅರ್ಧ ಬರೆದಿದ್ದ. ಸರಿಯಾದ ಉತ್ತರ. ಇಷ್ಟು ದಿನ ಅವನು ಮನೆಮಾತಿನಿಂದ ಪಾಠದ ಭಾಷೆಗೆ ಬರುವಷ್ಟರಲ್ಲಿ ಮುಂದಿನ ಬೆಂಚಿನ ಕೈ ಮೇಲೆದ್ದಿರುತ್ತಿತ್ತು, ನಾನು ಮುಂದಕ್ಕೆ ಹೋಗಿರುತ್ತಿದ್ದೆ. 'ಅವನಿಗೆ ಆಸಕ್ತಿ ಇಲ್ಲ' ಅಂತ ಸ್ಟಾಫ್ ರೂಮಿನಲ್ಲಿ ನಾನೇ ಹೇಳಿದ್ದೆ. ಆ ಮಾತಿಗೆ ಈಗಲೂ ಬೇಸರವಾಗುತ್ತದೆ.

ಈ ತರಹದ ತಪ್ಪು ಅಂದಾಜಿಗೆ ಅಮೆರಿಕದ ಗಣಿತಜ್ಞ ಯೂರಿ ಟ್ರೈಸ್‌ಮನ್ ಅವರ ಕೆಲಸ ಒಳ್ಳೆಯ ಮದ್ದು. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಜಾಸ್ತಿ ಫೇಲಾಗುತ್ತಿದ್ದರು. ಪಾಠ ಮಾಡುವವರನ್ನು ಕೇಳಿದರೆ ಹುಮ್ಮಸ್ಸಿಲ್ಲ, ತಳಪಾಯ ಇಲ್ಲ, ಮನೆಯ ಬೆಂಬಲ ಇಲ್ಲ ಅಂದರು. ಟ್ರೈಸ್‌ಮನ್ ಆ ವಿದ್ಯಾರ್ಥಿಗಳು ಓದುವ ಕಡೆಗೇ ಹೋಗಿ ನೋಡಿದರು. ಶ್ರಮಕ್ಕೆ ಕೊರತೆ ಇರಲಿಲ್ಲ, ಆದರೆ ಹೆಚ್ಚಿನವರು ಒಬ್ಬೊಬ್ಬರೇ ಓದುತ್ತಿದ್ದರು. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಗುಂಪಾಗಿ ಕೂತು ಒಬ್ಬರ ಲೆಕ್ಕ ಒಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ತಂದ ಪರಿಹಾರ 'ದಡ್ಡರ ಟ್ಯೂಷನ್' ಅಲ್ಲ. ಗುಂಪಿನಲ್ಲಿ ಕೂತು ಕಷ್ಟದ ಲೆಕ್ಕ ಬಿಡಿಸುವ ಕಾರ್ಯಾಗಾರ. ಬಂದವರ ಅಂಕ ಗಣನೀಯವಾಗಿ ಏರಿತು.

ಉಳಿದ ಸಣ್ಣ ಕೆಲಸಗಳು ನಿಮಗೂ ಗೊತ್ತಿರುತ್ತವೆ: ಅಸೈನ್‌ಮೆಂಟ್ ಯಾಕೆ, ಹೇಗೆ ಮಾಡಬೇಕು, ಅಂಕ ಯಾವುದಕ್ಕೆ ಅಂತ ಮೊದಲೇ ಬರೆದು ಕೊಡುವುದು, ಹೆಸರು ಮುಚ್ಚಿ ಮೌಲ್ಯಮಾಪನ ಮಾಡುವುದು, ವಿಡಿಯೊಗೆ ಅಡಿಬರಹ ಹಾಕುವುದು.

ಕಾರ್ಯಾಗಾರವನ್ನು ಒಂದು ದಿನದಲ್ಲಿ ಮುಗಿಸಬೇಡಿ. ಐದಾರು ಜನರ ಗುಂಪು ಇಡೀ ಸೆಮಿಸ್ಟರ್ ಹದಿನೈದು ದಿನಕ್ಕೊಮ್ಮೆ ಸೇರಲಿ. ಆ ಹೊತ್ತನ್ನು ಅವರ ಕೆಲಸದ ಅವಧಿಗೆ ಸೇರಿಸಿ, ಇಲ್ಲದಿದ್ದರೆ ಕಾಟಾಚಾರ ಆಗುತ್ತದೆ. ಕ್ಲಾಸು ನೋಡಿ ಬರೆದ ಹಾಳೆ ಆ ಅಧ್ಯಾಪಕರ ಕೈಗೆ ಮಾತ್ರ ಹೋಗಲಿ, ಬಡ್ತಿಯ ಕಡತಕ್ಕೆ ಬೇಡ. ಈ ಹೊಣೆಯನ್ನೆಲ್ಲ ವಿಭಾಗದಲ್ಲಿರುವ ಒಬ್ಬಳೇ ಮಹಿಳೆಯ ಅಥವಾ ಅಲ್ಪಸಂಖ್ಯಾತರೊಬ್ಬರ ತಲೆಗೆ ಕಟ್ಟಬೇಡಿ, ಇದು ತುಂಬಾ ಕಡೆ ಆಗುತ್ತದೆ. ಸಮಾನತೆ ಅಧ್ಯಾಪಕರಿಗೂ ಬೇಕಲ್ವಾ? ವಿದ್ಯಾರ್ಥಿಗಳು ಕೊಡುವ ರೇಟಿಂಗ್ ಒಂದನ್ನೇ ನಂಬಲೂಬೇಡಿ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆನ್‌ಲೈನ್ ಕೋರ್ಸಿನ ಬೋಧಕರು ಗಂಡು-ಹೆಣ್ಣಿನ ಗುರುತು ಅದಲುಬದಲು ಮಾಡಿಕೊಂಡಿದ್ದರು. ನಿಜಕ್ಕೂ ಪಾಠ ಮಾಡಿದವರು ಯಾರೇ ಆಗಿರಲಿ, ಗಂಡಸು ಅಂತ ತೋರಿಸಿಕೊಂಡವರಿಗೇ ರೇಟಿಂಗ್ ಹೆಚ್ಚು ಬಿತ್ತು.

ಮುಂದಿನ ವಾರ ಒಬ್ಬ ಸ್ನೇಹಿತರನ್ನು ನಿಮ್ಮ ಕ್ಲಾಸಿಗೇ ಕರೆದು ಹಿಂದೆ ಕೂರಿಸಿ. ಗೆರೆ ಎಳೆದ ಆ ಹಾಳೆಯನ್ನು ಗುಂಪಿನ ಮೊದಲ ಸಭೆಯಲ್ಲಿ ನೀವೇ ಮೇಜಿನ ಮೇಲಿಡಿ. ನಮ್ಮಲ್ಲಿ ನನ್ನ ಹಾಳೆ ನೋಡಿದ ಮೇಲೆಯೇ 'ನನ್ನ ಕ್ಲಾಸಿಗೂ ಬನ್ನಿ' ಅಂತ ಇಬ್ಬರು ಕರೆದಿದ್ದು.