ಪೊಲೀಸರು ವಿಚಾರಣೆಗೆ ಕರೆದರೆ ಎಲ್ಲ ಪ್ರಶ್ನೆಗೂ ಉತ್ತರ ಕೊಡಲೇಬೇಕಾ?

ಇಲ್ಲ. ಆದರೆ ಸುಮ್ನೆ ಬಾಯಿ ಮುಚ್ಚಿಕೊಂಡು ಕೂರುವುದೂ ಸರಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಸೆಕ್ಷನ್ ಪ್ರಕಾರ, ತನಿಖಾಧಿಕಾರಿ ಕೇಳಿದ್ದಕ್ಕೆ ನಿಜ ಹೇಳಬೇಕು. ನಿಮ್ಮನ್ನೇ ಅಪರಾಧದಲ್ಲಿ ಸಿಕ್ಕಿಸುವಂಥ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕಾಗಿಲ್ಲ. ಸಂವಿಧಾನದ 20(3)ನೇ ವಿಧಿಯೂ ಆರೋಪಿಗೆ ಇದೇ ರಕ್ಷಣೆ ಕೊಡುತ್ತದೆ.

ಇದರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣ ತುಂಬಾ ಮುಖ್ಯ. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ತೀರ್ಪಿನಲ್ಲಿ (2010) ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮಾಡುವಂತಿಲ್ಲ ಎಂದಿತು. ಮಂಪರಿನಲ್ಲಿ ಆಡಿದ ಮಾತು ಸ್ವಂತ ಇಚ್ಛೆಯ ಮಾತಲ್ಲ, ಅಲ್ವಾ? ನನ್ನ ಪ್ರಕಾರ ಇದು ಬಹಳ ದೊಡ್ಡ ತೀರ್ಪು.

ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೂ ಅದನ್ನು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆದರೆ ಬಂಧನದಲ್ಲಿದ್ದಾಗ ನೀವು ಹೇಳಿದ ಮಾತಿನಿಂದ ಕದ್ದ ಮಾಲೋ ಆಯುಧವೋ ಸಿಕ್ಕಿತೆಂದರೆ, ಅಷ್ಟು ಮಾತು ಲೆಕ್ಕಕ್ಕೆ ಬರುತ್ತದೆ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ನೀವು ಸಹಿ ಹಾಕಬೇಕಿಲ್ಲ. ಬಂಧನವಾಗಿದ್ದರೆ ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿಯಾಗಬಹುದು, ಪೂರ್ತಿ ಹೊತ್ತು ಜೊತೆಗಿಟ್ಟುಕೊಳ್ಳಲು ಮಾತ್ರ ಆಗದು.

ಸಾಕ್ಷಿಯಾಗಿ ಹೇಳಿಕೆ ಕೊಡಬೇಕಾದ ಹೆಂಗಸರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರ ಮನೆಯಲ್ಲೇ ಕೇಳಬೇಕು.